ಅಡವಿನ ನೆಲದಲ್ಲಿ ಗುಂಡಿ

ಸೇಲಂ, ಅಮ್ಮಾಪೇಟೆ
12 ಜನವರಿ 2025

ಅಣ್ಣನಿಗೆ ಕಲೈವಾಣಿ ಬರೆಯುವುದು.

ನಾವು ಮೂವರೂ ಚೆನ್ನಾಗಿದ್ದೇವೆ. ಹೋದ ಭಾನುವಾರ ಫೋನಿನಲ್ಲಿ ನಾನು ಕೂಗಿದ್ದು ಈ ಬೀದಿಗೆಲ್ಲ ಕೇಳಿಸಿತು, ನಿನಗೆ ಮಾತ್ರ ಕೇಳಿಸಲಿಲ್ಲ. ಮೂವತ್ತು ವರ್ಷ ಪವರ್‌ಲೂಮ್ ಸದ್ದಿನ ನಡುವೆ ನಿಂತ ಕಿವಿ, ಅದನ್ನು ಬೈದು ಏನು ಪ್ರಯೋಜನ. ನಿನ್ನ ಮಗ ಸೆಲ್ವಂ ಫೋನಿಗೆ ಮೆಸೇಜ್ ಹಾಕಿದರೆ ಮೊದಲು ಅವನು ಓದುತ್ತಾನೆ, ಆಮೇಲೆ ಸೊಸೆ ಮೇನಕಾ ಓದುತ್ತಾಳೆ, ಕೊನೆಗೆ ನಿನಗೆ ಸಿಗುತ್ತದೆ. ಅದಕ್ಕೇ ಕಾಗದ. ಅಪ್ಪ ಹಠ ಹಿಡಿದು ಚೌಡೇಶ್ವರಿ ಗುಡಿಯ ಜಗಲಿಯಲ್ಲಿ ಕೊಳ್ಳೇಗಾಲದ ಮೇಷ್ಟ್ರ ಮುಂದೆ ನಮ್ಮಿಬ್ಬರನ್ನೂ ಕೂರಿಸಿ ಕನ್ನಡ ಅಕ್ಷರ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ನಮ್ಮ ಮನೆಯಲ್ಲಿ ದಿನವೆಲ್ಲ ಕನ್ನಡವನ್ನೇ ಆಡುತ್ತೇವೆ, ಓದಲು ಬರುವುದು ಮಾತ್ರ ನನಗೊಬ್ಬಳಿಗೆ. ನಿನ್ನ ಕಾಗದ ಬಂದರೆ ನಮ್ಮ ಯಜಮಾನರಿಗೆ, ನಿನ್ನ ಮಾಪ್ಳೆಗೆ, ನಾನೇ ಓದಿ ಹೇಳಬೇಕು. ಎಷ್ಟು ಬೇಕೋ ಅಷ್ಟು ಓದುತ್ತೇನೆ.

ವಿಷಯಕ್ಕೆ ಬರುತ್ತೇನೆ. ಮಾರ್ಚಿಗೆ ನಮ್ಮ ಡಿಪಾಸಿಟ್ ಮುಗಿದು ಕೈಗೆ ಆರು ಲಕ್ಷ ಬರುತ್ತದೆ. ಈ ಮನೆಯ ಸಾಲ ಇನ್ನೂ ಐದೂವರೆ ಲಕ್ಷ ಇದೆ. ತಿಂಗಳಿಗೆ ಏಳೂವರೆ ಸಾವಿರ ಕಂತು, ಹೀಗೇ ಕಟ್ಟುತ್ತಾ ಹೋದರೆ ಇನ್ನೂ ಒಂಬತ್ತು ವರ್ಷ. ಡಿಪಾಸಿಟ್ ಹಣ ಬಂದ ಕೂಡಲೇ ಬ್ಯಾಂಕಿಗೆ ಕಟ್ಟಿ ಸಾಲ ಮುಗಿಸಿಬಿಡಬೇಕು ಎಂದು ಇವರು ಪಟ್ಟು ಹಿಡಿದಿದ್ದಾರೆ. ಜೀವಿತಾ ತನ್ನ ಆಡಿಟರ್ ಆಫೀಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದಳು. ಈಗ ಮುಗಿಸಿದರೆ ಬಡ್ಡಿಯಲ್ಲಿ ಎರಡೂವರೆ ಲಕ್ಷ ಉಳಿಯುತ್ತದಂತೆ. "ಲಾಭಂ ದಾನೇಮ್ಮಾ, ಲಾಭಾನೇ ಅಲ್ವಾ, ಇನ್ನೇನ್ ಯೋಚ್ನೆ" ಅನ್ನುತ್ತಾಳೆ. ಅಪ್ಪ ಮಗಳು ಒಂದು ಕಡೆ, ನಾನೊಬ್ಬಳು ಒಂದು ಕಡೆ.

ಇವರಿಗೆ ಬಡ್ಡಿಯ ಲೆಕ್ಕ ಬೇಕಿಲ್ಲ, ಬೇಕಿರುವುದು ಗುಂಡಿ. ಅಡವಿಟ್ಟ ನೆಲದಲ್ಲಿ ಮಗ್ಗದ ಗುಂಡಿ ತೋಡಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಅರ್ಧ ಮೈಯನ್ನು ನೆಲದೊಳಗೆ ಇಳಿಸಿ ಕೂತವನನ್ನು ಇನ್ನೊಬ್ಬ ಬಂದು ಏಳು ಅನ್ನುವ ಹಾಗೆ ಇರಬಾರದು ಎಂಬುದು ಅವರ ವಾದ. ಅವರ ಮಾವನ ಕಾಲದಲ್ಲಿ ಸಾಲ ಕೊಟ್ಟವನು ಬಂದು, ಮಗ್ಗದ ಮೇಲೆ ಅರ್ಧ ನೇಯ್ದ ಹಾಸು ಇರುವಾಗಲೇ ಗುಂಡಿ ಮುಚ್ಚಿಸಿದ್ದನಂತೆ. ಅತ್ತೆ ತೀರಿಕೊಂಡರು, ಮಗ ಆ ಮಾತು ಬಿಟ್ಟಿಲ್ಲ. ಈ ಮನೆಗೆ ಬಂದಾಗಿನಿಂದ ಬಿಚ್ಚಿದ ಮಗ್ಗ ಅಟ್ಟದ ಮೇಲೇ ಇದೆ. ಇವರು ದಿನಾ ಕೂಲಿಗೆ ನೇಯಿಸುವ ಸಣ್ಣಯ್ಯನವರ ಶೆಡ್ಡಿಗೆ ಹೋಗಿ ಬೇರೆ ಯಾರದೋ ಕಾಲಿನ ಅಳತೆಗೆ ತೋಡಿದ ಗುಂಡಿಯಲ್ಲಿ ಕೂತು ರೇಷ್ಮೆ ಪಂಚೆ ನೇಯುತ್ತಾರೆ. ಉದ್ದ ಕಾಲಿನವರು, ಮಂಡಿ ಮಡಿಸಿಕೊಂಡೇ ಕಾಲ್ಮಣೆ ತುಳಿಯಬೇಕು. ಸಂಜೆ ಬಂದ ತಕ್ಷಣ ಎಣ್ಣೆ ಕಾಯಿಸು ಅನ್ನುತ್ತಾರೆ. "ಬ್ಯಾಂಕಿಂದ ಮನೆ ಪತ್ರ ತಂದ್ಬುಡನ. ಮಾರ್ನೇ ದಿನ ಗುಂಡಿ ತೋಡ್ತೀನಿ" ಎಂಬುದು ದಿನದ ಮಾತಾಗಿದೆ.

ನನ್ನ ಹೆದರಿಕೆ ಇಷ್ಟೇ. ಇರುವುದನ್ನೆಲ್ಲ ಅಲ್ಲಿ ಹಾಕಿ ಕೈ ಬರಿದು ಮಾಡಿಕೊಂಡ ಮೇಲೆ ಇವರ ಮಂಡಿಯೋ ನನ್ನ ಕಣ್ಣೋ ಕೈಕೊಟ್ಟರೆ ಏನು ಮಾಡುವುದು? ಗೋಡೆ ಕಿತ್ತು ಆಸ್ಪತ್ರೆಗೆ ಕೊಡಲು ಆಗುತ್ತದೆಯೇ? ನೀನಾಗಿದ್ದರೆ ಏನು ಮಾಡುತ್ತಿದ್ದೆ, ಬರೆ.

ಇನ್ನೊಂದು ಮಾತು. ಎಡಪ್ಪಾಡಿಯ ಅಪ್ಪನ ಮನೆಯ ಪತ್ರ ಈಗ ಯಾರ ಹತ್ತಿರ ಇದೆ? ಒಂದು ಸಲ ತೆಗೆದು, ಅದರಲ್ಲಿ ಏನೇನು ಬರೆದಿದೆ ನೋಡಿ ನನಗೆ ತಿಳಿಸು. ಬೇಕಾಗಿದೆ. ಇವರು ಬಂದರು, ನಿಲ್ಲಿಸುತ್ತೇನೆ.

ಕಲೈವಾಣಿ


ಎಡಪ್ಪಾಡಿ
27 ಜನವರಿ 2025

ಶ್ರೀಮತಿ ಕಲೈವಾಣಿ ಪಳನಿಸ್ವಾಮಿ ಅವರಿಗೆ,

ನಿಮ್ಮ ಕಾಗದ ತಲುಪಿತು. ಇಲ್ಲಿ ಪೊಂಗಲ್ ಚೆನ್ನಾಗಿ ಆಯಿತು. ನನ್ನ ಕೆಲಸ ಎಂದಿನಂತೆ ನಡೆದಿದೆ.

ಸಾಲ ಇದ್ದರೆ ತೀರಿಸುವುದು ಒಳ್ಳೆಯದು. ಮಾಪ್ಳೆ ಹೇಳುವುದು ಸರಿಯಾಗಿದೆ. ಇಷ್ಟಕ್ಕೆ ನನ್ನನ್ನು ಕೇಳುವ ಅಗತ್ಯ ಏನಿತ್ತು ಎಂದು ಮೊದಲು ತಿಳಿಯಲಿಲ್ಲ. ಕಾಗದದ ಕೊನೆಗೆ ಬಂದಾಗ ತಿಳಿಯಿತು.

ಅಪ್ಪನ ಮನೆಯ ಪತ್ರ ನನ್ನ ಹತ್ತಿರ, ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅಪ್ಪ ಹೋದ ಮೇಲೆ ಇಷ್ಟು ವರ್ಷ ಮನೆ ತೆರಿಗೆ ಕಟ್ಟಿದವನು ನಾನು. ಹೆಂಚು ಇಳಿಸಿ ತಾರಸಿ ಹಾಕಿಸಿದವನೂ ನಾನೇ. ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡವಳು ನಿಮ್ಮ ಅತ್ತಿಗೆ, ಈಗ ಅವಳೂ ಇಲ್ಲ. ಹೆಣ್ಣುಮಕ್ಕಳಿಗೂ ಪಾಲಿದೆ ಎಂಬ ಕಾನೂನು ನನಗೂ ಗೊತ್ತು. ಪಾಲು ಬೇಕಿದ್ದರೆ ನೇರವಾಗಿ ಕೇಳಿ. ಸಾಲ, ಗುಂಡಿ, ಮಂಡಿ ಎಂದು ಸುತ್ತಿ ಬಳಸಿ ಬರುವುದು ಬೇಡ. ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದರೆ ಕೂತು ಮಾತಾಡೋಣ. ಅರವತ್ತು ವರ್ಷದವನು ಮನೆ ಮಾರಿ ಎಲ್ಲಿಗೆ ಹೋಗಬೇಕು ಎಂಬುದನ್ನೂ ಆ ಹಿರಿಯರೇ ಹೇಳಲಿ.

ಮುರುಗೇಶನ್


ಸೇಲಂ, ಅಮ್ಮಾಪೇಟೆ
6 ಫೆಬ್ರುವರಿ 2025

ಶ್ರೀ ಮುರುಗೇಶನ್ ಅವರಿಗೆ ಎಂದು ನಾನೂ ಶುರುಮಾಡೋಣ ಅಂದುಕೊಂಡೆ. ನನ್ನ ಕೈಗೆ ಅಷ್ಟು ಮರ್ಯಾದೆ ಬರಲಿಲ್ಲ. ಅಣ್ಣ ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪೆಟ್ಟಿಗೆಯೂ ಅದರ ಬೀಗವೂ ನಿನ್ನ ಹತ್ತಿರವೇ ಇರಲಿ. ನಾನು ಪತ್ರ ಕೇಳಿದ್ದು ಯಾಕೆ ಗೊತ್ತಾ? ನಾವು ಚಿಕ್ಕವರಿದ್ದಾಗ ಅಪ್ಪ ಆ ಮನೆಯನ್ನು ಯಾರೋ ಸಾಹುಕಾರನ ಹತ್ತಿರ ಅಡವಿಟ್ಟಿದ್ದ ಎಂದು ಅಮ್ಮ ಹೇಳಿದ ನೆನಪು. ಅಡವಿದ್ದ ಆ ವರ್ಷಗಳಲ್ಲೂ ಅಪ್ಪ ನಡುಮನೆಯ ಗುಂಡಿಯಲ್ಲಿ ಕೂತು ನೇಯುತ್ತಿದ್ದನಲ್ಲ. ಪತ್ರದಲ್ಲಿ ಅದು ಬರೆದಿದ್ದರೆ ಇವರಿಗೆ ತೋರಿಸಿ, ನೋಡಿ, ನಮ್ಮಪ್ಪನನ್ನು ಯಾರೂ ಏಳಿಸಲಿಲ್ಲ, ಸಾಲದ ಪಾಡಿಗೆ ಸಾಲ ಇರಲಿ, ನಿಮ್ಮ ಪಾಡಿಗೆ ನೀವು ಗುಂಡಿ ತೋಡಿ ಎಂದು ಹೇಳಬಹುದಿತ್ತು. ಇಷ್ಟೇ. ಇದನ್ನು ಆವತ್ತೇ ಬರೆಯಬೇಕಿತ್ತು, ಅವಸರದಲ್ಲಿ ಬಿಟ್ಟೆ. ಆದರೆ ಒಂದು ಸಾಲು ಬಿಟ್ಟಿದ್ದಕ್ಕೆ ಒಡಹುಟ್ಟಿದವಳನ್ನು ಹಿರಿಯರ ಮುಂದೆ ನಿಲ್ಲಿಸುತ್ತೀಯಾ? ನನಗೆ ಎರಡು ದಿನ ಊಟ ಸೇರಲಿಲ್ಲ.

ನಿನ್ನ ಕಾಗದ ಓದು ಎಂದು ಇವರು ಕೇಳಿದರು. ಪೊಂಗಲ್ ಚೆನ್ನಾಗಿ ಆಯಿತಂತೆ, ಸಾಲ ತೀರಿಸಿ ಅಂದಿದ್ದಾನೆ ಎಂದಷ್ಟೇ ಓದಿ ಮಡಿಚಿಟ್ಟೆ. "ನೋಡ್ದಾ, ನಿಮ್ಮಣ್ಣನೂ ನನ್ ಕಡೆಗೇ" ಎಂದು ಆವತ್ತೆಲ್ಲ ನಗುತ್ತಿದ್ದರು. ಉಳಿದದ್ದನ್ನೂ ಓದಿದ್ದರೆ ನಿನ್ನ ಬಗ್ಗೆ ಏನು ತಿಳಿದುಕೊಳ್ಳುತ್ತಿದ್ದರು, ನೀನೇ ಯೋಚನೆ ಮಾಡು.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ನಮ್ಮ ಡಿಪಾಸಿಟ್ ಎಂದು ಬರೆದೆ. ನಮ್ಮದಲ್ಲ, ನನ್ನದು. ಮದುವೆಯಾಗಿ ಬಂದಾಗಿನಿಂದ ಬೀದಿಯ ಮಗ್ಗಗಳಿಗೆಲ್ಲ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬಂದ ಕಾಸು. ಚೀಟಿ ಹಾಕಿ, ಚೀಟಿ ಎತ್ತಿ, ಬ್ಯಾಂಕಿನಲ್ಲಿಟ್ಟು ಬೆಳೆಸಿದ್ದು. ಮನೆ ಇವರ ಹೆಸರಿನಲ್ಲಿದೆ, ಸಾಲವೂ ಇವರ ಹೆಸರಿನಲ್ಲೇ ಇದೆ. ಅಲ್ಲಿ ಹಣ ಕಟ್ಟಿದ ದಿನ, ರೇಷನ್ ಕಾರ್ಡಿನ ಒಂದು ಸಾಲು ಬಿಟ್ಟರೆ ನನ್ನ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೊಡುವುದಿಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತಿದ್ದೆ. ದಿನಾ ಸಂಜೆ ಆ ಮಂಡಿಗೆ ಎಣ್ಣೆ ಹಚ್ಚುವವಳು ನಾನೇ, ಹೇಗೆ ಹೇಳಲಿ?

ಇದನ್ನು ಕೇಳಲು ನನಗೆ ಬೇರೆ ಯಾರಿದ್ದಾರೆ? ಮಗಳನ್ನು ಕೇಳಿದರೆ ಬಡ್ಡಿ ಹೇಳುತ್ತಾಳೆ. ನೀನಿದ್ದೀಯ ಅಂದುಕೊಂಡು ಬರೆದೆ. ಉತ್ತರ ಬರೆಯುವ ಮನಸ್ಸಿದ್ದರೆ ಬರೆ.

ಕಲೈವಾಣಿ


ಸೇಲಂ, ಅಮ್ಮಾಪೇಟೆ
20 ಮಾರ್ಚ್ 2025

ಅಣ್ಣನಿಗೆ,

ಆರು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಡಿಪಾಸಿಟ್ ಮುಗಿದು ಹಣ ನನ್ನ ಖಾತೆಗೆ ಬಂದಿದೆ. ಬ್ಯಾಂಕಿನ ಹುಡುಗಿ ಏನು ಮಾಡಲಿ ಎಂದು ಕೇಳಿದಳು. ಇನ್ನೊಂದು ತಿಂಗಳು ಹಾಗೇ ಇರಲಿ ಅಂದೆ. ಮನೆಯಲ್ಲಿ ಬ್ಯಾಂಕಿನವರು ಸಮಯ ಕೇಳಿದ್ದಾರೆ ಅಂದೆ. ಇವರು ನಂಬಿದರು. ನನಗೇ ಒಂದು ಥರ ಆಯಿತು.

ಮೊನ್ನೆ ಮಂಗಳವಾರ ಹನ್ನೊಂದು ಗಂಟೆಗೆ ಸೆಲ್ವಂಗೆ ಫೋನ್ ಮಾಡಿದೆ. ನೀನು ಹೇಗಿದ್ದೀಯ ಎಂದು ಕೇಳಿದ್ದಕ್ಕೆ "ಅಪ್ಪ ಇಲ್ಲೇ ಅಂಗ್ಡೀಲ್ ಕುಂತವ್ರೆ ಅತ್ತೆ, ಚೆನ್ನಾಗವ್ರೆ" ಅಂದ. ಮಂಗಳವಾರ ಹಗಲು ಹೊತ್ತು ನೀನು ಮಗನ ಮೊಬೈಲ್ ಅಂಗಡಿಯಲ್ಲಿ ಯಾಕೆ ಕೂತಿದ್ದೆ? ರಜೆಯೋ, ಮೈ ಸರಿಯಿಲ್ಲವೋ? ನನ್ನ ಮೇಲೆ ಕೋಪವಿದ್ದರೆ ಇರಲಿ, ಇದಕ್ಕೆ ಮಾತ್ರ ಉತ್ತರ ಬರೆ.

ಕಲೈವಾಣಿ


ಎಡಪ್ಪಾಡಿ
2 ಏಪ್ರಿಲ್ 2025

ತಂಗಿ ವಾಣಿಗೆ,

ಯುಗಾದಿಯ ದಿನ ಮೇನಕಾ ಹೋಳಿಗೆ ಮಾಡಿದ್ದಳು. ನಿನಗೂ ನಾಲ್ಕು ಕಟ್ಟಿಕೊಂಡು ಬಂದು ಕೊಡೋಣ ಎಂದು ಹೊರಟು, ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಬಸ್‌ ನಿಲ್ದಾಣದಿಂದ ಹಿಂದಿರುಗಿದೆ.

ಕೆಲಸ ಎಂದಿನಂತೆ ನಡೆದಿದೆ ಎಂದು ಜನವರಿಯಲ್ಲಿ ಬರೆದದ್ದು ಸುಳ್ಳು. ಕಾರ್ತಿಕ ಮಾಸದಲ್ಲೇ ನನ್ನನ್ನು ನಿಲ್ಲಿಸಿದರು. ಎಂಟು ಪವರ್‌ಲೂಮನ್ನು ಒಬ್ಬನೇ ನೋಡಿಕೊಳ್ಳಬೇಕು. ಕಣ್ಣು ಎಲ್ಲದರ ಮೇಲೂ ಇರುವುದಿಲ್ಲ, ಎಲ್ಲಿ ನೂಲು ಹರಿದರೂ ಸದ್ದು ಬದಲಾಗುತ್ತದೆ, ಅದನ್ನು ಕೇಳಿ ಓಡಬೇಕು. ನನಗೆ ಆ ಸದ್ದು ಕೇಳಿಸುವುದು ನಿಂತು ಎರಡು ವರ್ಷವಾಗಿತ್ತು, ಯಾರಿಗೂ ಹೇಳದೆ ಓಡಾಡಿಕೊಂಡು ಸಂಭಾಳಿಸುತ್ತಿದ್ದೆ. ಒಂದು ದಿನ ನೂಲು ಹರಿದದ್ದು ತಿಳಿಯದೆ ಇಡೀ ಹಾಸು ಕೆಟ್ಟಿತು. ಲೂಮುಗಳ ಮೊದಲಾಳಿ ಬೈಯಲಿಲ್ಲ. ಬರಬೇಕಾದ ಕೂಲಿ ಕೊಟ್ಟು, "ಮನೇಲ್ ಇರಿ ಅಣ್ಣ, ಸಾಕು" ಅಂದ. ಬಾಯಿ ನೋಡಿ ತಿಳಿದುಕೊಂಡೆ.

ಹೊಟ್ಟೆಗೆ ಕೊರತೆಯಿಲ್ಲ. ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲ, ಅಷ್ಟೇ. ಸೆಲ್ವಂ ಅಂಗಡಿಯಲ್ಲಿ ಕೂತರೆ ಗಿರಾಕಿ ಬಂದು ಏನೋ ಕೇಳುತ್ತಾನೆ, ನಾನು ಇನ್ನೇನೋ ತೆಗೆದುಕೊಡುತ್ತೇನೆ. ಒಳಗೆ ಕೂತ್ಕೋ ಅಪ್ಪ ಎಂದು ಅವನು ಸನ್ನೆ ಮಾಡುತ್ತಾನೆ. ಆ ದಿನಗಳಲ್ಲಿ ನಿನ್ನ ಕಾಗದ ಬಂತು. ಕೈಯಲ್ಲಿ ಉಳಿದಿರುವುದು ಈ ಮನೆಯೊಂದೇ, ಅದೂ ಹೋಯಿತು ಅಂದುಕೊಂಡೆ. ಹೆದರಿಕೆಯಲ್ಲಿ ಬರೆದದ್ದನ್ನೆಲ್ಲ ಕೋಪ ಅಂದುಕೊಂಡು ಅಂಚೆಗೆ ಹಾಕಿದೆ. ನಿನ್ನ ಎರಡನೆಯ ಕಾಗದವನ್ನು ಎಷ್ಟು ಸಲ ಓದಿದರೂ ಉತ್ತರ ಬರೆಯಲು ನಾಚಿಕೆಯಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ ವಾಣಿ.

ಪತ್ರ ತೆಗೆದು ನೋಡಿದೆ. ಅಮ್ಮ ಹೇಳಿದ್ದು ನಿಜ. ಮನೆ ಹನ್ನೊಂದು ವರ್ಷ ಅಡವಿನಲ್ಲಿತ್ತು. ಬಿಡಿಸಿಕೊಂಡದ್ದು ನೀನು ದೊಡ್ಡವಳಾದ ಮೇಲೆ. ಅಷ್ಟು ವರ್ಷವೂ ಅಪ್ಪ ಆ ಗುಂಡಿಯಲ್ಲೇ ನೇಯ್ದ. ನಾನೂ ಅದರಲ್ಲೇ ಕೂತು ಕಲಿತೆ. ಸಾಹುಕಾರ ಬಡ್ಡಿಗೆ ಬಂದಾಗ ಅಪ್ಪ ಗುಂಡಿಯಿಂದ ಮೇಲೇಳುತ್ತಲೂ ಇರಲಿಲ್ಲ, ಅಲ್ಲಿಂದಲೇ ಮಾತಾಡಿ ಕಳಿಸುತ್ತಿದ್ದ. ಇದನ್ನು ಮಾಪ್ಳೆಗೆ ಹೇಳು.

ಹಣದ ವಿಷಯ. ಕಟ್ಟಬೇಡ ಎಂದು ನಾನು ಹೇಳುವುದಿಲ್ಲ. ಕಟ್ಟುವುದಾದರೆ ಬ್ಯಾಂಕಿನಿಂದ ಪತ್ರ ಬಂದ ಮೇಲೆ ಅದರಲ್ಲಿ ನಿನ್ನ ಹೆಸರೂ ಸೇರಬೇಕು ಎಂದು ಮೊದಲೇ ಕೇಳು. ತಂಗಿ ಪಾಲು ಕೇಳುತ್ತಾಳೆ ಎಂದು ಹಾರಾಡಿದವನು ಗಂಡನ ಹತ್ತಿರ ಪಾಲು ಕೇಳು ಎಂದು ಬುದ್ಧಿ ಹೇಳುತ್ತಿದ್ದಾನೆ ಎಂದು ನೀನು ನಗಬಹುದು. ನಗು. ಆದರೂ ಕೇಳು.

ನಿನ್ನ ಅಣ್ಣ
ಮುರುಗೇಶನ್


ಸೇಲಂ, ಅಮ್ಮಾಪೇಟೆ
28 ಏಪ್ರಿಲ್ 2025

ಅಣ್ಣನಿಗೆ,

ನಿನ್ನ ಕಾಗದ ಓದಿ ಮೊದಲು ಅತ್ತುಬಿಟ್ಟೆ, ಅದಾದ ಮೇಲೆ ನಕ್ಕೆ, ಆಮೇಲೆ ಕೇಳಿದೆ. ಇವರು ಊಟ ಮಾಡಿ ಕೈ ತೊಳೆಯುತ್ತಿದ್ದರು. ಹಣ ಕಟ್ಟುತ್ತೇನೆ, ಪತ್ರದಲ್ಲಿ ನನ್ನ ಹೆಸರೂ ಇರಬೇಕು ಅಂದೆ. ಹೊಸ ಮನುಷ್ಯಳನ್ನು ನೋಡಿದ ಹಾಗೆ ನೋಡಿದರು.

"ಪತ್ರ ಮೊದ್ಲು ಮನೆಗ್ ಬರ್ಲಿ. ಆಮ್ಯಾಕ್ ನೋಡನ" ಅಂದರು.

"ಅಂಗಾದ್ರೆ ದುಡ್ಡೂ ಆಮ್ಯಾಕೇ ನೋಡನ" ಅಂದೆ.

ಎರಡು ದಿನ ಮಾತಿಲ್ಲ. ಕಾಫಿ ಬೇಕಾ ಕೇಳು, ಬೇಡ ಅಂತ ಹೇಳು ಎಂದು ನಡುವೆ ಜೀವಿತಾ ಓಡಾಡಿ ಸುಸ್ತಾದಳು. ಬ್ಯಾಂಕಿನವರು ಸಮಯ ಕೇಳಿದ್ದಾರೆ ಎಂದು ನಾನು ಹೇಳಿದ ಸುಳ್ಳೂ ಈ ಗಲಾಟೆಯಲ್ಲಿ ಹೊರಬಿತ್ತು. ಮೂರನೆಯ ದಿನ ಇವರೇ ಬಂದು ಎದುರಿಗೆ ಕೂತು, ನಿಮ್ಮಣ್ಣ ನಿಜವಾಗಿ ಏನು ಬರೆದಿದ್ದಾನೆ ಓದು ಎಂದರು. ಈ ಸಲ ಒಂದು ಅಕ್ಷರವನ್ನೂ ಬಿಡದೆ ಓದಿದೆ. ಜನವರಿಯದನ್ನೂ ಓದಿದೆ. ಬೇಜಾರು ಮಾಡಿಕೊಳ್ಳಬೇಡ, ನಾನು ನಿನಗೆ ಬರೆದದ್ದನ್ನೂ ನೆನಪಿರುವಷ್ಟು ಹೇಳಿದೆ. ರೇಷನ್ ಕಾರ್ಡಿನ ಮಾತಿಗೆ ತಲೆ ತಗ್ಗಿಸಿದರು. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಇನ್ನೊಂದು ಸಲ ಓದು ಅಂದರು.

ಮಾರನೆಯ ದಿನ ಸಣ್ಣಯ್ಯನವರ ಶೆಡ್ಡಿಗೆ ಹೋಗಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ, ನಡುಮನೆಯಲ್ಲಿ ಹಾರೆಯ ಸದ್ದು. ಬಂದು ನೋಡಿದರೆ ಟೈಲ್ಸ್ ಎಬ್ಬಿಸಿ ಮಣ್ಣು ತೆಗೆಯುತ್ತಿದ್ದಾರೆ. ಅಡವಿನ ನೆಲ ಅಲ್ಲವಾ, ನಿಮ್ಮ ಅಮ್ಮನ ಮಾತು ಏನಾಯಿತು ಎಂದು ಕೇಳಿದೆ.

"ಅಡವು ಬ್ಯಾಂಕಲ್ ಐತೆ. ನೆಲ ಇಲ್ಲೇ ಐತೆ" ಅಂದರು. ಹಾರೆ ನಿಲ್ಲಿಸಲಿಲ್ಲ.

ಸಂಜೆಗೆ ಗುಂಡಿ ಮುಗಿಯಿತು. ಇಳಿದು ಕೂತು ಕಾಲು ಚಾಚಿ ನೋಡಿದರು. ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ಸರಿ, ಇನ್ನು ಕೆಲಸ ಮುಗಿಯಿತು ಎಂದು ಪೊರಕೆ ತಂದರೆ, ಮೇಲೆ ಬಂದು ಕಿಟಕಿಯ ಹತ್ತಿರ ಇನ್ನೊಂದಕ್ಕೆ ಗೆರೆ ಹಾಕುತ್ತಿದ್ದಾರೆ. ಇದು ಯಾರಿಗೆ ಎಂದೆ.

"ನಿಮ್ಮಣ್ಣಂಗೆ. ಕೈಮಗ್ಗಕ್ಕೆ ಕಿವಿ ಯಾಕ್ ಬೇಕು? ನೂಲ್ ಅರಿದ್ರೆ ಕೈಗ್ ಗೊತ್ತಾಯ್ತದೆ" ಅಂದರು.

ನಾನು ಪೊರಕೆ ಹಿಡಿದುಕೊಂಡೇ ನಿಂತೆ. ಅಣ್ಣ, ಈ ಮನುಷ್ಯನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆನಲ್ಲ ಅನ್ನಿಸಿತು.

ಈಗ ಆಗಿರುವುದು ಹೀಗೆ. ಸಾಲಕ್ಕೆ ಒಂದು ಲಕ್ಷ ಮಾತ್ರ ಕಟ್ಟಿದೆ. ಅಷ್ಟಕ್ಕೇ ಎರಡು ವರ್ಷ ಕಡಿಮೆಯಾಗಿ ಏಳಕ್ಕೆ ಇಳಿಯುತ್ತದೆ ಎಂದು ಜೀವಿತಾ ಹೇಳಿದಳು. ಪೂರ್ತಿ ಕಟ್ಟಲಿಲ್ಲ ಎಂದು ಅವಳಿಗೆ ಇನ್ನೂ ಸಿಟ್ಟಿದೆ. ಹಿಂದಿನ ಬೀದಿಯಲ್ಲಿ ಒಬ್ಬರು ನೇಯ್ಗೆ ಬಿಟ್ಟು ಮಗ್ಗವನ್ನು ಸೌದೆಗೆ ಮಾರುತ್ತಿದ್ದರು, ಅದನ್ನು ನಿನಗೆಂದು ಕೊಂಡುಕೊಂಡೆ. ಉಳಿದ ಹಣವನ್ನು ಮತ್ತೆ ನನ್ನ ಹೆಸರಿಗೇ ಇಟ್ಟು ಬಂದೆ. ಪತ್ರದಲ್ಲಿ ಹೆಸರಿನ ಮಾತಿಗೆ ಇವರು ಆಗಲಿ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ನಾನೂ ಬಿಟ್ಟಿಲ್ಲ. ಎರಡು ಮಗ್ಗಕ್ಕೂ ಹಾಸು ಕೊಡುತ್ತೇನೆ ಎಂದು ಸಣ್ಣಯ್ಯನವರು ಒಪ್ಪಿದ್ದಾರೆ. ಎಷ್ಟು ದಿನ ಕೊಡುತ್ತಾರೋ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ನಿನ್ನ ಗುಂಡಿಯನ್ನು ಇವರು ಅಂದಾಜಿಗೆ ತೋಡಿದ್ದಾರೆ. ಬಂದು ಇಳಿದು ಕೂತು ನೋಡು. ಆಳ ಹೆಚ್ಚಾಗಿದ್ದರೆ ಮಣ್ಣು ಇಲ್ಲೇ ಹಿತ್ತಲಲ್ಲಿದೆ, ತುಂಬೋಣ.

ವಾಣಿ


ಎಡಪ್ಪಾಡಿ
5 ಮೇ 2025

ವಾಣಿಗೆ,

ಬರುವುದಿಲ್ಲ ಎಂದು ಬರೆಯಲು ಕೂತಿದ್ದೆ. ಮಗನಿದ್ದೂ ತಂಗಿಯ ಮನೆ ಸೇರಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಒಂದು ಪುಟ ಬರೆದೂ ಆಗಿತ್ತು. ಮೇನಕಾ ಬಂದು ಏನು ಬರೆಯುತ್ತಿದ್ದೀರಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಹೇಳಿದೆ. ಅವಳು ಒಳಗೆ ಹೋಗಿ ನನ್ನ ಅಂಗಿ ಪಂಚೆಗಳನ್ನು ಒಗೆದು ಹಗ್ಗಕ್ಕೆ ಹಾಕಿದಳು, ಬ್ಯಾಗು ಕೊಡವಿ ಬಿಸಿಲಿಗಿಟ್ಟಳು. ಬರೆದ ಪುಟ ಹರಿದುಹಾಕಿದೆ.

ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಶನಿವಾರ ಊರಿಗೆ ಹಿಂದಿರುಗುತ್ತೇನೆ. ಕೂಲಿಯಲ್ಲಿ ಊಟಕ್ಕೆ ಹಿಡಿದುಕೊಳ್ಳಬೇಕು, ಇದಕ್ಕೆ ಒಪ್ಪದಿದ್ದರೆ ಈಗಲೇ ಬರೆ. ಕೈಮಗ್ಗ ಬಿಟ್ಟು ಮೂವತ್ತು ವರ್ಷವಾಯಿತು, ಮೊದಲ ಪಂಚೆ ಕೆಡಬಹುದು. ಕೆಟ್ಟರೆ ಅದರ ನಷ್ಟ ನನ್ನದು ಎಂದು ಸಣ್ಣಯ್ಯನವರಿಗೆ ಮೊದಲೇ ಹೇಳಿಡು. ನಾನು ಬರುವವರೆಗೆ ಗುಂಡಿಯ ಮೇಲೆ ಹಲಗೆ ಮುಚ್ಚಿಡಿ, ರಾತ್ರಿ ಯಾರಾದರೂ ಕಾಲು ಹಾಕಿಬಿಟ್ಟೀರಿ.

ಮಾಪ್ಳೆಗೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ಬಂದು ಎದುರಿಗೆ ಹೇಳುತ್ತೇನೆ. ಅವರು ಏನು ಹೇಳಿದರೂ ನನಗೆ ಕೇಳಿಸುವುದಿಲ್ಲ, ಅದು ಒಂದು ಅನುಕೂಲ.

ಪೆಟ್ಟಿಗೆಯಿಂದ ಪತ್ರ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಅಪ್ಪನ ಹೆಸರಿನ ಕೆಳಗೆ ಇನ್ನೂ ಯಾರ ಹೆಸರೂ ಬಿದ್ದಿಲ್ಲ. ನೀನೂ ಓದು, ಆಮೇಲೆ ಕೂತು ಮಾತಾಡೋಣ. ಹಿರಿಯರು ಯಾರೂ ಬೇಡ.

ಸಾಲ ಇನ್ನೂ ಏಳು ವರ್ಷ ಇರುತ್ತದೆ ಎಂದು ಬರೆದಿದ್ದೀಯ. ಇರಲಿ ಬಿಡು, ನಾವೂ ಇರೋಣ.

ಮುರುಗೇಶನ್